ಬೆಳಕನ್ನು ಓಡಿಸುವ ಪೆಟ್ಟಿಗೆ

ಗಣೇಶನನ್ನು ಕಳಿಸಿ ವಾರ ಕಳೆಯುವಷ್ಟರಲ್ಲಿ ನನ್ನ ಬೆಂಚಿನ ಕೆಳಗೆ ಸೀರಿಯಲ್ ಸೆಟ್ಟುಗಳ ಗಂಟು ಬೆಳೆದಿರುತ್ತದೆ. "ಹೋದ ವರ್ಸ ತಂದಿದ್ದು ಸರ, ಈ ಸಲ ಹಚ್ಚಿದ್ರ ಒಂದೇ ಸಮ ಉರಿತೈತಿ, ಓಡವಲ್ದು" ಎನ್ನುತ್ತ ಓಣಿಯ ಹುಡುಗರು ತಂದಿಡುತ್ತಾರೆ. ಬಿಚ್ಚಿ ನೋಡಿದರೆ ದೀಪಗಳಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಪ್ಲಗ್ಗಿನ ಪಕ್ಕದಲ್ಲಿರುವ ಚಿಕ್ಕ ಪೆಟ್ಟಿಗೆ. ಅದರ ಮುಚ್ಚಳ ತೆಗೆದರೆ ಒಳಗೆ ಹೆಬ್ಬೆರಳಿನಷ್ಟು ಬೋರ್ಡು, ಬೋರ್ಡಿನ ನಡುವೆ ಕುಂಕುಮದ ಬೊಟ್ಟಿನಷ್ಟು ಅಗಲದ ಕಪ್ಪು ಅಂಟು. ಆ ಅಂಟಿನ ಕೆಳಗೆ ಚಿಪ್ ಇದೆ. ಅದಕ್ಕೆ ಹೆಸರಿಲ್ಲ, ನಂಬರಿಲ್ಲ, ಕಿತ್ತು ಬೇರೆ ಹಾಕಲು ಕಾಲುಗಳೂ ಇಲ್ಲ. ಅದು ಸತ್ತರೆ ಹತ್ತು ಮೀಟರ್ ದೀಪದ ಸಾಲು ತಿಪ್ಪೆಗೆ ಹೋಗುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಒಂದಾದ ಮೇಲೊಂದು ಬರುವ ಊರುಗಳು. ಈ ದಾರಿಯಲ್ಲಿ ವರ್ಷವಿಡೀ ದೀಪದ ಕೆಲಸ ಇದ್ದೇ ಇರುತ್ತದೆ. ಬನದ ಹುಣ್ಣಿಮೆಗೆ ಸಿಂಧನೂರು ತಾಲೂಕಿನ ಅಂಬಾಮಠದ ಜಾತ್ರೆ, ಮಸ್ಕಿ ಬೆಟ್ಟದ ಮಲ್ಲಿಕಾರ್ಜುನನ ಜಾತ್ರೆ, ಮುದಗಲ್ಲಿನ ಮೊಹರಂ, ಆಮೇಲೆ ಗಣೇಶ, ದಸರಾ, ದೀಪಾವಳಿ, ನಡುನಡುವೆ ಮದುವೆಗಳು. ಇಷ್ಟು ಕೆಲಸ ಇರುವ ಕಡೆ ಆ ಪೆಟ್ಟಿಗೆಯನ್ನು ನಾವೇ ಮಾಡಿಕೊಳ್ಳಬೇಕು ಎನ್ನುವುದು ನನ್ನ ಹಟ. ಅದರ ಪ್ರತಿ ಬಿಡಿಭಾಗಕ್ಕೂ ಹೆಸರಿರಬೇಕು, ಕೆಟ್ಟದ್ದನ್ನು ಕಿತ್ತು ಹೊಸದು ಹಾಕುವಂತಿರಬೇಕು. ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಇದು ಎರಡು ಭಾನುವಾರದ ಕೆಲಸ. ಬೆಸುಗೆ ಹಿಡಿಯಲು ಬರುವ ಹೈಸ್ಕೂಲ್ ಮಕ್ಕಳೂ ಮಾಡಬಹುದು.

ಮೊದಲೇ ಒಂದು ಮಾತು. ಅಂಗಡಿಯ ಅಗ್ಗದ ಸೀರಿಯಲ್ ಸೆಟ್ಟಿನಲ್ಲಿ 230 ವೋಲ್ಟ್ ಕರೆಂಟು ಯಾವ ತಡೆಯೂ ಇಲ್ಲದೆ ದೀಪದ ತಂತಿಯವರೆಗೂ ಹೋಗುತ್ತದೆ. ಆ ಸಾಲನ್ನು ಇದ್ದಂತೆಯೇ ನಮ್ಮ ಪೆಟ್ಟಿಗೆಯನ್ನು ನಡೆಸುವ ಚಿಪ್ಪಿಗೆ, ಅಂದರೆ ಮೈಕ್ರೋಕಂಟ್ರೋಲರ್‌ಗೆ ಜೋಡಿಸಲು ಹೋಗಬೇಡಿ. ಪ್ಲಗ್ ಕತ್ತರಿಸಿ ಎಸೆಯಿರಿ, ಎಲ್ಇಡಿಗಳನ್ನು ಬಿಡಿಸಿಟ್ಟುಕೊಳ್ಳಿ. ಅವನ್ನು ಮೂರು ಮೂರರ ಗುಂಪು ಮಾಡಿ 12 ವೋಲ್ಟಿನಲ್ಲಿ ಉರಿಸುವ ಬಗೆ ಮುಂದೆ ಬರುತ್ತದೆ. ಈ ಲೇಖನದಲ್ಲಿ ಹೇಳುವ ಎಲ್ಲ ಕೆಲಸವೂ 12 ವೋಲ್ಟಿನ ಒಳಗೇ ನಡೆಯುತ್ತದೆ.

ಎಂಟು ದೀಪ, ಎಂಟು ರೆಸಿಸ್ಟರ್

ಮೈಕ್ರೋಕಂಟ್ರೋಲರ್ ಬರುವ ಮೊದಲು ಓಡುವ ದೀಪಕ್ಕೆ 555 ಮತ್ತು 4017 ಎಂಬ ಎರಡು ಐಸಿ ಸಾಕಾಗುತ್ತಿದ್ದವು. 555 ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ, 4017 ಪ್ರತಿ ಟಿಕ್ಕಿಗೂ ಹತ್ತು ಕಾಲುಗಳಲ್ಲಿ ಒಂದೊಂದನ್ನೇ ಎಬ್ಬಿಸುತ್ತ ಹೋಗುತ್ತದೆ. ಅದನ್ನೂ ಒಮ್ಮೆ ಮಾಡಿ ನೋಡಿ, ಕೈ ಪಳಗುತ್ತದೆ. ಆದರೆ ಅದರಲ್ಲಿ ಓಟ ಒಂದೇ ಬಗೆಯದು. ಹಿಂದಕ್ಕೆ ಓಡಿಸಬೇಕೆಂದರೆ ತಂತಿ ಬದಲಿಸಬೇಕು. ಮೈಕ್ರೋಕಂಟ್ರೋಲರ್‌ನಲ್ಲಿ ತಂತಿ ಇದ್ದಲ್ಲೇ ಇರುತ್ತದೆ, ಬರೆದ ಸಾಲು ಮಾತ್ರ ಬದಲಾಗುತ್ತದೆ.

ಕಲಿಯಲು ಆರ್ಡುಯಿನೊ ಯುನೊ ಅಥವಾ ನ್ಯಾನೊ ಬೋರ್ಡು ಒಳ್ಳೆಯದು. ಎರಡರಲ್ಲೂ ಇರುವುದು ಎಟಿಮೆಗಾ 328ಪಿ ಎಂಬ ಒಂದೇ ಚಿಪ್. ಅದಕ್ಕೆ 32 ಕಿಲೋಬೈಟ್ ಪ್ರೋಗ್ರಾಂ ಜಾಗ, 2 ಕಿಲೋಬೈಟ್ ರ್‍ಯಾಮ್, 16 ಮೆಗಾಹರ್ಟ್ಸ್ ವೇಗ. ದೀಪ ಕುಣಿಸಲು ಇದು ಬೇಕಾದಷ್ಟಾಯಿತು. ನನ್ನ ಆಯ್ಕೆ ನ್ಯಾನೊ. ಪೆಟ್ಟಿಗೆಯಲ್ಲಿ ಸುಲಭವಾಗಿ ಕೂರುತ್ತದೆ, ಸಾಕೆಟ್ಟಿನಿಂದ ಕಿತ್ತರೆ ಕೈಗೆ ಬರುತ್ತದೆ. ಬಿಡಿಭಾಗಗಳಿಗೆ ನಮ್ಮ ಕಡೆಯವರು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗುತ್ತಾರೆ. ಈಗ ಆನ್‌ಲೈನಿನಲ್ಲಿ ತರಿಸುವವರೇ ಹೆಚ್ಚು. ಅಗ್ಗದ ನ್ಯಾನೊ ಬೋರ್ಡುಗಳಲ್ಲಿ ಯುಎಸ್‌ಬಿಗೆ ಸಿಎಚ್ 340 ಎಂಬ ಚಿಪ್ ಇರುತ್ತದೆ. ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಬೋರ್ಡು ಕೆಟ್ಟಿದೆ ಎಂದುಕೊಳ್ಳಬೇಡಿ, ಮೊದಲು ಆ ಚಿಪ್ಪಿನ ಡ್ರೈವರ್ ಹಾಕಿ. ಜೊತೆಗೆ ಯುಎಸ್‌ಬಿ ಕೇಬಲ್ಲನ್ನೂ ಬದಲಿಸಿ ನೋಡಿ, ಕೆಲವು ಕೇಬಲ್ಲುಗಳಲ್ಲಿ ಚಾರ್ಜಿಂಗಿನ ತಂತಿ ಮಾತ್ರ ಇರುತ್ತದೆ.

ಮೊದಲ ಸರ್ಕಿಟ್ಟನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ. 2ರಿಂದ 9ರವರೆಗಿನ ಎಂಟು ಪಿನ್ನುಗಳು, ಪ್ರತಿ ಪಿನ್ನಿನಿಂದ ಒಂದು ರೆಸಿಸ್ಟರ್, ಅಲ್ಲಿಂದ ಎಲ್ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡಿಗೆ. ಕಾಲು ಕತ್ತರಿಸಿದ ಹಳೆಯ ಎಲ್ಇಡಿಯಾದರೆ ಅದರ ಅಂಚನ್ನು ಬೆರಳಿನಿಂದ ಸವರಿ. ದುಂಡನೆಯ ಅಂಚು ಒಂದು ಕಡೆ ಚಪ್ಪಟೆಯಾಗಿರುತ್ತದೆ, ಆ ಕಡೆಯದು ಮೈನಸ್.

ಎಲ್ಇಡಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಒಂದು ಚಿಕ್ಕ ಬಟ್ಟಲು, ಬಟ್ಟಲಲ್ಲಿ ಸಾಸಿವೆಗಿಂತ ಚಿಕ್ಕ ತುಣುಕು, ಆ ತುಣುಕಿನಿಂದ ಪಕ್ಕದ ಕಂಬಕ್ಕೆ ಕೂದಲಿಗಿಂತ ತೆಳುವಾದ ಒಂದು ತಂತಿ ಬಾಗಿ ಹೋಗಿರುತ್ತದೆ. ಒಳ್ಳೆಯ ಎಲ್ಇಡಿಗಳಲ್ಲಿ ಆ ತಂತಿ ಚಿನ್ನದ್ದು. ಹಟ್ಟಿ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲೂಕಿನಲ್ಲಿ, ಹಾಗಾಗಿ ಇಲ್ಲಿನ ಮಕ್ಕಳಿಗೆ ಇದನ್ನು ತೋರಿಸುವಾಗ ಅವರ ಕಣ್ಣು ಅರಳುತ್ತದೆ. ಸುಟ್ಟ ಎಲ್ಇಡಿಯಲ್ಲಿ ಎಷ್ಟೋ ಸಲ ಕಡಿದಿರುವುದು ಆ ತಂತಿಯೇ. ಅದನ್ನು ಕಾಯುವ ಕೆಲಸ ರೆಸಿಸ್ಟರಿನದು.

ರೆಸಿಸ್ಟರಿನ ಲೆಕ್ಕ ಕಿರಾಣಿ ಲೆಕ್ಕಕ್ಕಿಂತ ಸುಲಭ. ಕೆಂಪು ಎಲ್ಇಡಿ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ, ಬಿಳಿ ಮತ್ತು ನೀಲಿ ಸುಮಾರು 3.1. ಪಿನ್ನಿನಿಂದ ಬರುವುದು 5 ವೋಲ್ಟ್. ಕೆಂಪಿನದನ್ನು ಕಳೆದರೆ ಉಳಿಯುವುದು 3. ನಮಗೆ ಬೇಕಾದದ್ದು 10 ಮಿಲಿಆಂಪಿಯರ್, ಅಂದರೆ 0.01 ಆಂಪಿಯರ್. 3ನ್ನು 0.01ರಿಂದ ಭಾಗಿಸಿದರೆ 300 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 330, ಅದನ್ನೇ ಹಾಕಿ. ಬಿಳಿಗೆ 1.9ನ್ನು 0.01ರಿಂದ ಭಾಗಿಸಿದರೆ 190, ಹಾಗಾಗಿ 220 ಓಮ್ ಹಾಕಿ. "ರೆಸಿಸ್ಟರ್ ಇಲ್ದೇನೂ ಉರಿತೈತಲ್ರಿ ಸರ" ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಉರಿಯುವುದು ನಿಜ. ಈ ಚಿಪ್ಪಿನ ಒಂದು ಪಿನ್ನಿಗೆ 40 ಮಿಲಿಆಂಪಿಯರ್ ಕಟ್ಟಕಡೆಯ ಮಿತಿ, 20ರ ಒಳಗೆ ಇಡುವುದು ಕ್ಷೇಮ. ಇಡೀ ಚಿಪ್ಪಿನ ಮಿತಿ 200. ರೆಸಿಸ್ಟರ್ ಇಲ್ಲದ ಎಂಟು ಎಲ್ಇಡಿ ಒಟ್ಟಿಗೆ ಉರಿದರೆ ಮೊದಲು ಸಾಯುವುದು ಎರಡು ರೂಪಾಯಿಯ ಎಲ್ಇಡಿಯೋ ಇಡೀ ಬೋರ್ಡೋ ಎಂಬುದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಓಟವನ್ನು ಬರೆಯುವುದು

ಪ್ರೋಗ್ರಾಂ ಎಂದ ತಕ್ಷಣ ಹಿಂದೆ ಸರಿಯುವವರಿಗೆ ನಾನು ಚೌಕುಳಿ ಹಾಳೆ ಕೊಡುತ್ತೇನೆ. ಲಿಂಗಸುಗೂರಿಗೆ ಹತ್ತಿರದ ಇಳಕಲ್ಲಿನ ಸೀರೆಯ ಮೇಲೆ ಕಸೂತಿ ಹಾಕುವವರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ದೀಪದ ವಿನ್ಯಾಸವೂ ಹೀಗೇ ಎಣಿಕೆಯ ಕೆಲಸ. ಅಡ್ಡಕ್ಕೆ ಎಂಟು ಚೌಕ, ಒಂದೊಂದು ಚೌಕ ಒಂದೊಂದು ದೀಪ. ಉರಿಯುವ ದೀಪಕ್ಕೆ 1, ಆರಿದ್ದಕ್ಕೆ 0. ಮೊದಲ ಸಾಲು 10000000, ಎರಡನೆಯದು 01000000, ಹೀಗೆ ಎಂಟು ಸಾಲು ಬರೆದರೆ ಓಡುವ ದೀಪ. 10000001, 01000010, 00100100, 00011000 ಎಂದು ಬರೆದರೆ ಎರಡು ತುದಿಯಿಂದ ಬಂದು ನಡುವೆ ಸೇರುವ ದೀಪ. 10000000, 11000000, 11100000 ಎಂದು ತುಂಬುತ್ತ ಹೋದರೆ ಕೊಡ ತುಂಬಿದ ಹಾಗೆ. ಈ ಎಂಟು ಅಂಕೆಗಳ ಸಾಲೇ ಒಂದು ಬೈಟ್. ಪ್ರೋಗ್ರಾಮಿನಲ್ಲಿ ಈ ಸಾಲುಗಳನ್ನು ಒಂದು ಪಟ್ಟಿಯಾಗಿ ಇಟ್ಟು, ಒಂದೊಂದೇ ಸಾಲು ಓದಿ, ಎಂಟು ಪಿನ್ನುಗಳನ್ನು ಅದರಂತೆ ಏರಿಸಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಸಾಲಿಗೆ ಹೋಗಬೇಕು, ಅಷ್ಟೇ. ಪಟ್ಟಿ ಒಮ್ಮೆ ಸಿದ್ಧವಾದರೆ ಪ್ರೋಗ್ರಾಂ ಬಾರದ ತಂಗಿಯೂ ಹೊಸ ವಿನ್ಯಾಸ ಸೇರಿಸಬಹುದು.

ಆ "ಸ್ವಲ್ಪ ಹೊತ್ತು" ಇದೆಯಲ್ಲ, ಎಲ್ಲರೂ ಎಡವುವುದು ಅಲ್ಲೇ. ಪುಸ್ತಕಗಳ ಮೊದಲ ಪಾಠದಲ್ಲಿ ಡಿಲೇ ಎಂಬ ಆಜ್ಞೆ ಇರುತ್ತದೆ. ಡಿಲೇ ಕೊಟ್ಟಾಗ ಚಿಪ್ ಕಣ್ಣು ಮುಚ್ಚಿ ಕೂರುತ್ತದೆ, ಆ ಹೊತ್ತಿನಲ್ಲಿ ನೀವು ಬಟನ್ ಒತ್ತಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದರ ಬದಲು ಮಿಲಿಸ್ ಬಳಸಿ. ಬೋರ್ಡು ಆನ್ ಆದಾಗಿನಿಂದ ಎಷ್ಟು ಮಿಲಿಸೆಕೆಂಡು ಆಯಿತೆಂದು ಅದು ಹೇಳುತ್ತದೆ. ಒಲೆಯ ಮೇಲೆ ಅನ್ನಕ್ಕಿಟ್ಟು ಆಗಾಗ ಗಡಿಯಾರ ನೋಡುತ್ತ ಕಾಯಿಪಲ್ಲೆ ಹೆಚ್ಚುವ ಹಾಗೆ, ಚಿಪ್ ತನ್ನ ಕೆಲಸ ಮಾಡುತ್ತಲೇ "ಹಿಂದಿನ ಸಾಲು ಹಾಕಿ 100 ಮಿಲಿಸೆಕೆಂಡು ಆಯಿತೇ?" ಎಂದು ನೋಡಿಕೊಳ್ಳುತ್ತದೆ. ಆಗಿದ್ದರೆ ಮುಂದಿನ ಸಾಲು, ಇಲ್ಲದಿದ್ದರೆ ಬಟನ್ ನೋಡುವ ಕೆಲಸ. ಒಂದು ಸಾಲಿಗೆ 80ರಿಂದ 150 ಮಿಲಿಸೆಕೆಂಡು ಕಣ್ಣಿಗೆ ಹಿತ. 2ಕ್ಕೆ ಇಳಿಸಿದರೆ ಓಟ ಕಾಣದೆ ಎಲ್ಲ ದೀಪವೂ ಮಂದವಾಗಿ ಒಟ್ಟಿಗೆ ಉರಿದಂತೆ ತೋರುತ್ತದೆ. 10 ಕಿಲೋಓಮಿನ ಒಂದು ಪೊಟೆನ್ಷಿಯೊಮೀಟರನ್ನು, ಅಂದರೆ ರೇಡಿಯೋದ ವಾಲ್ಯೂಮ್ ತಿರುಪಿನಂಥದ್ದನ್ನು, ಎ0 ಪಿನ್ನಿಗೆ ಕೊಟ್ಟರೆ ವೇಗ ಕೈಯಲ್ಲೇ ಬದಲಿಸಬಹುದು.

ಬಟನ್ನನ್ನು 12ನೇ ಪಿನ್ನಿಗೂ ಗ್ರೌಂಡಿಗೂ ನಡುವೆ ಹಾಕಿ, ಪ್ರೋಗ್ರಾಮಿನಲ್ಲಿ ಒಳಗಿನ ಪುಲ್‌ಅಪ್ ಚಾಲೂ ಮಾಡಿ. ಒಮ್ಮೆ ಒತ್ತಿದರೆ ಮೂರು ವಿನ್ಯಾಸ ದಾಟಿ ಹೋಗುತ್ತಿದ್ದರೆ ಅದು ಬಟನ್ನಿನೊಳಗಿನ ಲೋಹ ಪುಟಿಯುವುದರಿಂದ. ಒಂದು ಒತ್ತು ಕಂಡ ಮೇಲೆ 50 ಮಿಲಿಸೆಕೆಂಡು ಬೇರೆ ಒತ್ತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸರಿಹೋಗುತ್ತದೆ.

ನಮ್ಮ ಕಡೆಯ ಪೆಟ್ಟಿಗೆಗೆ ಇನ್ನೊಂದು ಗುಣ ಇರಲೇಬೇಕು, ನೆನಪು. ಕರೆಂಟು ಹೋಗಿ ಬಂದಾಗ ಅಂಗಡಿಯ ಪೆಟ್ಟಿಗೆ ಮತ್ತೆ ಮೊದಲ ವಿನ್ಯಾಸಕ್ಕೇ ಬಂದು ನಿಲ್ಲುತ್ತದೆ, ಯಾರಾದರೂ ಪೆಂಡಾಲ್ ಹತ್ತಿ ಬಟನ್ ಒತ್ತಬೇಕು. ಎಟಿಮೆಗಾದಲ್ಲಿ 1024 ಬೈಟಿನ ಇಇಪಿರೋಮ್ ಇದೆ, ಕರೆಂಟು ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಬಟನ್ ಒತ್ತಿದಾಗಲೆಲ್ಲ ವಿನ್ಯಾಸದ ಸಂಖ್ಯೆಯನ್ನು ಅಲ್ಲಿ ಬರೆದಿಡಿ, ಆನ್ ಆದ ಕೂಡಲೇ ಅದನ್ನು ಓದಿ ಅಲ್ಲಿಂದ ಶುರು ಮಾಡಿ. ಒಂದು ಜಾಗದಲ್ಲಿ ಒಂದು ಲಕ್ಷ ಸಲ ಬರೆಯಬಹುದು. ಬಟನ್ ಒತ್ತಿದಾಗ ಮಾತ್ರ ಬರೆದರೆ ಅದು ಸವೆಯುವ ಪ್ರಶ್ನೆಯೇ ಇಲ್ಲ. ಪ್ರೋಗ್ರಾಮಿನ ಪ್ರತಿ ಸುತ್ತಿನಲ್ಲೂ ಬರೆಯುವ ತಪ್ಪು ಮಾಡಿದರೆ ಮಾತ್ರ ಒಂದೇ ದಿನದಲ್ಲಿ ಮಿತಿ ದಾಟುತ್ತದೆ.

ಇನ್ನು ಉಸಿರಾಡುವ ದೀಪ, ನಿಧಾನಕ್ಕೆ ಬೆಳಗಿ ನಿಧಾನಕ್ಕೆ ಮಂಕಾಗುವಂಥದ್ದು. ದೇವರ ಹಿಂದಿನ ಪ್ರಭಾವಳಿಗೆ ಇದಕ್ಕಿಂತ ಚಂದದ್ದಿಲ್ಲ. 3, 5, 6, 9, 10, 11 ಈ ಆರು ಪಿನ್ನುಗಳು ದೀಪವನ್ನು ಸೆಕೆಂಡಿಗೆ ನೂರಾರು ಸಲ ಹತ್ತಿಸಿ ಆರಿಸಿ ಬೆಳಕಿನ ಅಳತೆಯನ್ನು 0ಯಿಂದ 255ರವರೆಗೆ ಬದಲಿಸಬಲ್ಲವು. ಆದರೆ 0, 1, 2 ಎಂದು ಸಮನಾಗಿ ಏರಿಸಿದರೆ ಕಣ್ಣಿಗೆ ಸರಿ ಕಾಣದು. ದೀಪ ಥಟ್ಟನೆ ಬೆಳಗಿ, ಆಮೇಲೆ ಬಹಳ ಹೊತ್ತು ಒಂದೇ ಸಮ ಇದ್ದಂತೆ ಅನ್ನಿಸುತ್ತದೆ. ಮಂದ ಬೆಳಕಿನ ಸಣ್ಣ ವ್ಯತ್ಯಾಸ ಕಣ್ಣಿಗೆ ಬೇಗ ಗೊತ್ತಾಗುತ್ತದೆ, ಪ್ರಖರ ಬೆಳಕಿನದು ಗೊತ್ತಾಗುವುದಿಲ್ಲ. ಅದಕ್ಕೆ ಹೆಜ್ಜೆಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 255ರಿಂದ ಭಾಗಿಸಿ. ನಡುವಿನ 128ನೇ ಹೆಜ್ಜೆಯಲ್ಲಿ 64 ಬರುತ್ತದೆ. ಈ ಒಂದು ಸಾಲಿನ ಗುಣಾಕಾರದಿಂದ ದೀಪ ನಿಜವಾಗಿ ಉಸಿರಾಡತೊಡಗುತ್ತದೆ.

ಬೆಂಚಿನಿಂದ ಪೆಂಡಾಲಿಗೆ

ಪೆಂಡಾಲಿಗೆ ಎಂಟು ದೀಪ ಸಾಲದು, ಎಂಟು ಸಾಲು ದೀಪ ಬೇಕು. ಇಲ್ಲಿ 230 ವೋಲ್ಟನ್ನು 12ಕ್ಕೆ ಇಳಿಸುವ ಎಸ್‌ಎಂಪಿಎಸ್ ಬರುತ್ತದೆ, ಮತ್ತು ಚಿಪ್ಪಿಗೂ ದೀಪಕ್ಕೂ ನಡುವೆ ಭಾರ ಹೊರುವ ಒಬ್ಬ ಹಮಾಲಿ ಬೇಕಾಗುತ್ತಾನೆ. ಚಿಕ್ಕ ಭಾರಕ್ಕೆ ಯುಎಲ್ಎನ್ 2803 ಐಸಿ. ಹದಿನೆಂಟು ಕಾಲಿನ ಇದರಲ್ಲಿ ಎಂಟು ದಾರಿಗಳಿವೆ. 1ರಿಂದ 8ರವರೆಗಿನ ಕಾಲುಗಳಿಗೆ ನ್ಯಾನೊದ ಪಿನ್ನುಗಳು, ಎದುರಿನ 18ರಿಂದ 11ರವರೆಗಿನ ಕಾಲುಗಳಿಗೆ ದೀಪದ ಸಾಲಿನ ಮೈನಸ್ ತಂತಿಗಳು, 9ನೇ ಕಾಲು ಗ್ರೌಂಡಿಗೆ. ದೀಪದ ಪ್ಲಸ್ ತಂತಿಗಳೆಲ್ಲ ನೇರ 12 ವೋಲ್ಟಿಗೆ ಹೋಗುತ್ತವೆ, ಈ ಐಸಿ ಕೆಳಗಿನಿಂದ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಒಂದು ದಾರಿ 500 ಮಿಲಿಆಂಪಿಯರ್ ಹೊರಬಲ್ಲದು ಎಂದು ಬರೆದಿದ್ದರೂ ಎಂಟೂ ಒಟ್ಟಿಗೆ ತೆರೆದಾಗ ಐಸಿ ಕಾಯುತ್ತದೆ. ಒಂದಕ್ಕೆ 150ರ ಒಳಗೆ ಇಡಿ.

ಹಳೆಯ ಸೆಟ್ಟಿನಿಂದ ಬಿಡಿಸಿದ ಬಿಳಿ ಎಲ್ಇಡಿಗಳ ಲೆಕ್ಕ ಈಗ ಮಾಡೋಣ. ಮೂರನ್ನು ಒಂದರ ಹಿಂದೆ ಒಂದು ಜೋಡಿಸಿದರೆ 9.3 ವೋಲ್ಟ್ ಹಿಡಿಯುತ್ತವೆ, ಯುಎಲ್ಎನ್ ತಾನೇ ಸುಮಾರು 1 ವೋಲ್ಟ್ ತಿನ್ನುತ್ತದೆ. ಹನ್ನೆರಡರಲ್ಲಿ ಉಳಿದದ್ದು 1.7. ಅದನ್ನು 15 ಮಿಲಿಆಂಪಿಯರಿಗೆ ಭಾಗಿಸಿದರೆ 113, ಹಾಗಾಗಿ 120 ಓಮ್ ರೆಸಿಸ್ಟರ್. ಒಂದು ದಾರಿಗೆ ಇಂಥ ಹತ್ತು ಗುಂಪು, ಅಂದರೆ ಮೂವತ್ತು ದೀಪ. ಎಂಟು ದಾರಿಗೆ 240 ದೀಪ. ಒಂದು ಓಣಿಯ ಗಣೇಶನಿಗೆ ಇದು ಧಾರಾಳ. ಅಂಗಡಿಯ 12 ವೋಲ್ಟಿನ ಎಲ್ಇಡಿ ಪಟ್ಟಿ ತಂದರೆ ಈ ಮೂರರ ಗುಂಪು ಅದರಲ್ಲೇ ಇರುತ್ತದೆ, ಕತ್ತರಿ ಗುರುತು ಇರುವುದು ಅದಕ್ಕೇ.

ಇನ್ನೂ ದೊಡ್ಡ ಭಾರಕ್ಕೆ ಮಾಸ್‌ಫೆಟ್ ಹಾಕಿ. ಅಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿಡಿ. ಐಆರ್‌ಎಲ್‌ಝಡ್ 44ಎನ್ ನ್ಯಾನೊದ 5 ವೋಲ್ಟಿಗೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಐಆರ್‌ಎಫ್‌ಝಡ್ 44ಎನ್‌ಗೆ ಪೂರ್ತಿ ತೆರೆಯಲು 10 ವೋಲ್ಟ್ ಬೇಕು, 5ರಲ್ಲಿ ಅರೆಬರೆ ತೆರೆದು ಬಿಸಿಯಾಗುತ್ತದೆ. ಗೇಟಿಗೂ ಗ್ರೌಂಡಿಗೂ ನಡುವೆ 10 ಕಿಲೋಓಮ್ ಹಾಕದಿದ್ದರೆ ಆನ್ ಮಾಡಿದ ಕ್ಷಣದಲ್ಲಿ ದೀಪ ತಾನಾಗಿ ಮಿಣುಕುತ್ತದೆ.

ಸರ್ಕಿಟ್ ಎಲ್ಲ ಸರಿಯಿದೆ, ದೀಪ ಮಾತ್ರ ಉರಿಯುತ್ತಿಲ್ಲ ಎಂದು ನನ್ನ ಬಳಿ ಬಂದವುಗಳಲ್ಲಿ ಹೆಚ್ಚಿನವಕ್ಕೆ ಔಷಧಿ ಒಂದೇ ಕಪ್ಪು ತಂತಿ. ಎಸ್‌ಎಂಪಿಎಸ್‌ನ ಮೈನಸ್ಸೂ ನ್ಯಾನೊದ ಗ್ರೌಂಡೂ ಕೂಡಿರಲೇಬೇಕು. ಕೂಡದಿದ್ದರೆ ನ್ಯಾನೊ ಹೇಳುವ 5 ವೋಲ್ಟ್ ಯಾವ ನೆಲದಿಂದ 5 ಎಂಬುದು ಆಚೆಯ ಐಸಿಗೆ ತಿಳಿಯುವುದಿಲ್ಲ. ಮೊದಲು ಆ ತಂತಿ ಹಾಕಿ, ಆಮೇಲೆ ಉಳಿದದ್ದು.

ನ್ಯಾನೊಗೆ ಕರೆಂಟು ಎಲ್ಲಿಂದ? ಬೋರ್ಡಿನ ಮೇಲಿನ ರೆಗ್ಯುಲೇಟರಿಗೆ ನೇರ 12 ವೋಲ್ಟ್ ಕೊಟ್ಟರೆ ನಡೆಯುತ್ತದೆ, ಆದರೆ ಕಾಯುತ್ತದೆ. ಹೊರಗೆ 7805 ಹಾಕಿದರೂ 200 ಮಿಲಿಆಂಪಿಯರಿಗೆ 1.4 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ. ನಮ್ಮಲ್ಲಿ ಬೇಸಿಗೆಯ ನೆರಳೇ 40 ಡಿಗ್ರಿ ದಾಟುತ್ತದೆ, ತಗಡಿನ ಪೆಟ್ಟಿಗೆಯ ಒಳಗಿನದು ಕೇಳಲೇಬೇಡಿ. ಎಲ್‌ಎಂ 2596 ಬಕ್ ಮಾಡ್ಯೂಲ್ ಇದಕ್ಕೆ ತಕ್ಕದ್ದು. ಅದರ ಮೇಲೆ ಹಿತ್ತಾಳೆ ಬಣ್ಣದ ಪುಟ್ಟ ತಿರುಪಿದೆ. 12 ವೋಲ್ಟ್ ಕೊಟ್ಟು, ಆಚೆ ಬದಿಗೆ ಮಲ್ಟಿಮೀಟರ್ ಹಿಡಿದು, 5.0 ಬರುವವರೆಗೆ ತಿರುಗಿಸಿ, ಆಮೇಲೆ ನ್ಯಾನೊ ಜೋಡಿಸಬೇಕು. ಗಡಿಬಿಡಿಯಲ್ಲಿ ಒಮ್ಮೆ ನಾನು ಅಳೆಯದೆ ಜೋಡಿಸಿದೆ. ತಿರುಪು ಹನ್ನೊಂದರ ಹತ್ತಿರ ನಿಂತಿತ್ತು. ಚಿಪ್ಪಿನ ಮೇಲೆ ಬೆರಳಿಟ್ಟಾಗ ಸುಟ್ಟ ಗುರುತು ಎರಡು ದಿನ ಉಳಿಯಿತು, ಬೋರ್ಡು ಹೋಯಿತು. ಅಂದಿನಿಂದ ಹೊಂದಿಸಿದ ಪ್ರತಿ ಮಾಡ್ಯೂಲಿನ ತಿರುಪಿಗೂ ಉಗುರುಬಣ್ಣದ ಒಂದು ಹನಿ ಹಾಕುತ್ತೇನೆ. ಹನಿ ಕಂಡರೆ ಅಳೆದಾಗಿದೆ ಎಂದರ್ಥ.

ಮೆರವಣಿಗೆಯ ಟ್ರ್ಯಾಕ್ಟರ್ ಟ್ರಾಲಿಗೆ ದೀಪ ಕಟ್ಟುವವರು ಇಂಜಿನ್ ಬ್ಯಾಟರಿಯಿಂದಲೇ ತಂತಿ ಎಳೆಯುತ್ತಾರೆ. ಬ್ಯಾಟರಿ 12 ವೋಲ್ಟಿನದೇ ಹೌದು, ಆದರೆ ಇಂಜಿನ್ ಓಡುತ್ತಿರುವಾಗ ಅದು 14.4ರವರೆಗೆ ಏರುತ್ತದೆ. ಮಾಸ್‌ಫೆಟ್ಟಿನ ಮೇಲೆ 180 ಓಮ್ ಹಾಕಿದ ಮೂರು ಬಿಳಿ ಎಲ್ಇಡಿಯ ಗುಂಪಿನಲ್ಲಿ 12ಕ್ಕೆ 15 ಮಿಲಿಆಂಪಿಯರ್ ಹರಿಯುತ್ತಿದ್ದರೆ 14.4ಕ್ಕೆ 28 ಹರಿಯುತ್ತದೆ. ವೋಲ್ಟೇಜು ಐದನೇ ಒಂದು ಪಾಲು ಏರಿದರೆ ಕರೆಂಟು ಹತ್ತಿರಹತ್ತಿರ ದುಪ್ಪಟ್ಟು. ಆ ರಾತ್ರಿ ದೀಪ ಜೋರಾಗಿ ಬೆಳಗಿ ಮಾರನೇ ವರ್ಷಕ್ಕೆ ಉಳಿಯದಿರುವುದು ಈ ಕಾರಣಕ್ಕೆ. ಟ್ರಾಲಿಯ ದೀಪಕ್ಕೆ 270 ಓಮ್ ಹಾಕಿ, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿ.

ಬೆಟ್ಟ ಹತ್ತುವ ತಂತಿ

ಮಸ್ಕಿ ಮಲ್ಲಿಕಾರ್ಜುನ ಇರುವುದು ಬೆಟ್ಟದ ಮೇಲೆ. ಮೆಟ್ಟಿಲುಗುಂಟ ದೀಪ ಹಾಕಬೇಕೆಂದರೆ ತಂತಿಯ ಉದ್ದವೇ ದೊಡ್ಡ ಸಮಸ್ಯೆ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.018 ಓಮ್ ತಡೆ ಇರುತ್ತದೆ. 20 ಮೀಟರ್ ದೂರ ಎಂದರೆ ಹೋಗಿ ಬರಲು 40 ಮೀಟರ್, ತಡೆ 0.72 ಓಮ್. 2 ಆಂಪಿಯರ್ ಹರಿದರೆ 1.44 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 12 ವೋಲ್ಟಿನಲ್ಲಿ ಹೊರಟದ್ದು ಹತ್ತೂವರೆಯಾಗಿ ತಲುಪುತ್ತದೆ, ದೀಪ ಮಂಕಾಗುತ್ತದೆ. ಮುಂದೆ ಹೇಳುವ ಪಿಕ್ಸೆಲ್ ಪಟ್ಟಿಯ ಹಾಗೆ 5 ವೋಲ್ಟಿನಲ್ಲಿ ಹೊರಟದ್ದಾದರೆ ಮೂರೂವರೆ ಚಿಲ್ಲರೆ. ಅಷ್ಟಕ್ಕೆ ನೀಲಿ ಸರಿಯಾಗಿ ಹೊತ್ತುವುದಿಲ್ಲ, ಬಿಳಿ ಇರಬೇಕಾದ ಕಡೆ ಕೆಂಪು ಛಾಯೆ ಬರುತ್ತದೆ. ಬೆಟ್ಟದ ತಪ್ಪಲಲ್ಲಿ ಒಂದು ದೊಡ್ಡ ಎಸ್‌ಎಂಪಿಎಸ್ ಇಡುವ ಬದಲು ಹತ್ತು ಹದಿನೈದು ಮೀಟರಿಗೆ ಒಂದರಂತೆ ಚಿಕ್ಕವನ್ನು ಇಟ್ಟು, ಎಲ್ಲದರ ಮೈನಸ್ ಕೂಡಿಸುವುದು ಸರಿಯಾದ ದಾರಿ. ಪ್ಲಸ್ಸುಗಳನ್ನು ಕೂಡಿಸಬಾರದು.

ಈಗ ಡೆಕೊರೇಶನ್‌ನವರ ಬಾಯಲ್ಲಿ ಇರುವುದು ಪಿಕ್ಸೆಲ್. ಪ್ರತಿ ದೀಪದೊಳಗೂ ಒಂದು ಚಿಕ್ಕ ಚಿಪ್, ಮೂರೇ ತಂತಿ, ಪ್ರತಿ ದೀಪಕ್ಕೂ ಬೇರೆ ಬಣ್ಣ. ದೊಡ್ಡ ಪೆಂಡಾಲಿನವರು ಟಿ-1000ಎಸ್ ಎಂಬ ಪೆಟ್ಟಿಗೆಗೆ ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸವನ್ನು ಎಸ್‌ಡಿ ಕಾರ್ಡಿನಲ್ಲಿ ಹಾಕಿ ಓಡಿಸುತ್ತಾರೆ. ನಿಮ್ಮ ನ್ಯಾನೊ ಕೂಡ ಇದನ್ನು ಮಾಡಬಲ್ಲದು. ಡಬ್ಲ್ಯುಎಸ್ 2812ಬಿ ಪಟ್ಟಿಯಲ್ಲಿ ಒಂದು ದೀಪಕ್ಕೆ ರ್‍ಯಾಮ್‌ನಲ್ಲಿ 3 ಬೈಟ್ ಸಾಕು, 300 ದೀಪಕ್ಕೆ 900. ತೊಂದರೆ ಇರುವುದು ಕರೆಂಟಿನಲ್ಲಿ. ಪೂರ್ತಿ ಬಿಳಿ ಹಚ್ಚಿದರೆ ಒಂದು ದೀಪ 60 ಮಿಲಿಆಂಪಿಯರ್ ಎಳೆಯುತ್ತದೆ. ಮೀಟರಿಗೆ 60 ದೀಪದ 5 ಮೀಟರ್ ಪಟ್ಟಿಗೆ 18 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕಿ "ಬಣ್ಣ ಸರಿ ಬರವಲ್ದು" ಎನ್ನುವವರು ಈ ಗುಣಾಕಾರವನ್ನು ಒಮ್ಮೆ ಮಾಡಬೇಕು. ಬೆಳಕನ್ನು ಪ್ರೋಗ್ರಾಮಿನಲ್ಲಿ ಕಾಲುಭಾಗಕ್ಕೆ ಇಳಿಸಿ, ರಾತ್ರಿ ಕಣ್ಣಿಗೆ ಅಷ್ಟೇ ಸಾಕು. ಪಟ್ಟಿಯ ಎರಡೂ ತುದಿಗೆ ಕರೆಂಟು ಕೊಡಿ, ಡೇಟಾ ತಂತಿಯಲ್ಲಿ 330 ಓಮ್ ಹಾಕಿ, ಪಟ್ಟಿಯ ಬುಡದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಧೂಳು, ಮಳೆ, ಹುಳ

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತದೆ. ಭತ್ತ ತೆನೆಗಟ್ಟುವ ದಿನಗಳಲ್ಲಿ ಸಂಜೆ ಬಿಳಿ ದೀಪ ಹಚ್ಚಿದರೆ ಹುಳಗಳ ಮಳೆ. ಎಸ್‌ಎಂಪಿಎಸ್‌ನ ಗಾಳಿಕಿಂಡಿಯಲ್ಲಿ ಅವು ತುಂಬಿ ಫ್ಯಾನು ನಿಂತದ್ದನ್ನು ನೋಡಿದ್ದೇನೆ. ನೀಲಿ ಹೆಚ್ಚಿರುವ ಬಿಳಿಗೆ ಹುಳ ಹೆಚ್ಚು ಬರುತ್ತವೆ, ಹಳದಿ ಕೆಂಪಿಗೆ ಕಡಿಮೆ. ಊಟಕ್ಕೆ ಕೂರುವ ಕಡೆ ಹಳದಿ ಸಾಲು ಹಾಕಿ, ಬಿಳಿ ನೀಲಿ ಓಟವನ್ನು ದೂರದ ಕಮಾನಿಗೆ ಇಡಿ. ಕಿಂಡಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಬೆಸುಗೆ ಹಾಕಿದ ಪ್ರತಿ ಕೂಡಿಕೆಗೆ ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಿ, ತೆರೆದ ಕಡೆ ಸಿಲಿಕೋನ್ ಹಚ್ಚಿ. ತಂತಿ ಪೆಟ್ಟಿಗೆಯೊಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

230 ವೋಲ್ಟ್ ಇರುವುದು ಎಸ್‌ಎಂಪಿಎಸ್‌ವರೆಗೆ ಮಾತ್ರ. ಆ ತುಂಡಿನಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಕಂಬಕ್ಕೆ ಕೊಕ್ಕೆ ಹಾಕಬೇಡಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ನನ್ನು ದೀಪ ಹಚ್ಚುವ ಮೊದಲು ಒತ್ತಿ ನೋಡಿ. ಪೆಂಡಾಲಿನ ಕಬ್ಬಿಣದ ಪೈಪಿಗೂ ಎಸ್‌ಎಂಪಿಎಸ್‌ನ ಮೈಗೂ ಅರ್ಥಿಂಗ್ ಇರಲೇಬೇಕು. ಒದ್ದೆ ನೆಲ, ಬರಿಗಾಲ ಮಕ್ಕಳು, ಕಬ್ಬಿಣದ ಪೈಪು, ಮೂರೂ ಒಂದೇ ಕಡೆ ಇರುವ ಜಾಗ ಅದು.

ಮಸ್ಕಿಯ ನಾಲ್ಕು ಅಕ್ಷರ

ಇಷ್ಟು ಕಲಿತವರಿಗೆ ನಾನು ಕೊಡುವ ಕೊನೆಯ ಕೆಲಸ ಮಸ್ಕಿಯದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಅಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಶಾಸನ ಬಿತ್ತು. ಅದುವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ ರಾಜನನ್ನು ದೇವಾನಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆಯಲಾಗಿತ್ತು. ಮಸ್ಕಿಯ ಕಲ್ಲಿನಲ್ಲಿ "ದೇವಾನಂಪಿಯಸ ಅಸೋಕಸ" ಎಂದು ಹೆಸರೇ ಇತ್ತು. ಅಶೋಕನದೇ ಶಾಸನದಲ್ಲಿ ಅವನ ಹೆಸರು ಮೊದಲು ಓದಿದ್ದು ನಮ್ಮ ಮಸ್ಕಿಯಲ್ಲಿ.

ಅ, ಸೋ, ಕ, ಸ. ನಾಲ್ಕು ಅಕ್ಷರ. ಅಂಗಡಿಯಲ್ಲಿ ಸಿಗುವ ಮ್ಯಾಕ್ಸ್ 7219 ಮಾಡ್ಯೂಲಿನಲ್ಲಿ ಎಂಟಕ್ಕೆ ಎಂಟರ ಎಲ್ಇಡಿ ಚೌಕಗಳು ನಾಲ್ಕು ಒಟ್ಟಿಗೆ ಬರುತ್ತವೆ. ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ, ಲೆಕ್ಕ ಸರಿಯಾಗಿ ಕೂಡುತ್ತದೆ. ನ್ಯಾನೊದಿಂದ ಐದೇ ತಂತಿ: 5 ವೋಲ್ಟ್, ಗ್ರೌಂಡ್, ಡೇಟಾ, ಸಿಎಸ್, ಕ್ಲಾಕ್. ಮ್ಯಾಕ್ಸ್ 7219 ಚಿಪ್ಪೇ 64 ದೀಪಗಳ ಸಾಲು ಕಂಬಗಳನ್ನು ತಿರುತಿರುಗಿ ಉರಿಸುತ್ತ ಕರೆಂಟನ್ನೂ ತಾನೇ ಮಿತಿಯಲ್ಲಿ ಇಡುವುದರಿಂದ ಎಲ್ಇಡಿಗೊಂದು ರೆಸಿಸ್ಟರ್ ಬೇಕಿಲ್ಲ.

ಬ್ರಾಹ್ಮಿಯ ಕ ಎಂದರೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಇಂದು ನಾವು ಬರೆಯುವ ಕ ಅಕ್ಷರದ ಮೊದಲ ರೂಪ ಅದೇ. ಚೌಕುಳಿ ಹಾಳೆಯಲ್ಲಿ ಮೊದಲ ಮೂರು ಸಾಲು 00011000, ನಡುವಿನ ಎರಡು ಸಾಲು 11111111, ಮತ್ತೆ ಮೂರು ಸಾಲು 00011000. ಮಕ್ಕಳು ಅದನ್ನು ಕಂಡು "ಇದು ಪ್ಲಸ್ ಅಲ್ರಿ?" ಎನ್ನುತ್ತಾರೆ. ಅ ಅಕ್ಷರಕ್ಕೆ ಬಲಕ್ಕೊಂದು ನೆಟ್ಟಗೆ ಗೆರೆ, ಎಡದಿಂದ ಬಂದು ಅದರ ನಡುವೆ ಕೂಡುವ ಎರಡು ಓರೆ ಗೆರೆ. ಸ ಬಾಗಿರುತ್ತದೆ, ಎಂಟು ಚೌಕದಲ್ಲಿ ಅದನ್ನು ಕೂಡಿಸಲು ಮೂರು ನಾಲ್ಕು ಸಲ ಅಳಿಸಿ ಬರೆಯಬೇಕಾಗುತ್ತದೆ. ಸೋ ಆಗಲು ಆ ಸಕಾರಕ್ಕೆ ಎರಡು ಬದಿಗೆ ಚಿಕ್ಕ ಗೆರೆ ಸೇರಬೇಕು. ಶಾಸನದ ಅಚ್ಚಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿ.

ಮಾಡ್ಯೂಲಿನ ಬೆಳಕಿಗೆ 0ಯಿಂದ 15ರವರೆಗೆ ಹದಿನಾರು ಮಟ್ಟಗಳಿವೆ. ಕೋಣೆಯೊಳಗೆ 2 ಸಾಕು. ಮೇಲೆ ಒಂದು ಬಿಳಿ ಟ್ರೇಸಿಂಗ್ ಹಾಳೆ ಹಾಸಿದರೆ ಚುಕ್ಕಿಗಳು ಕೂಡಿ ಗೆರೆಗಳಾಗುತ್ತವೆ. ಅಕ್ಷರಗಳನ್ನು ಓಡಿಸಬೇಡಿ. ಅ ಮೂಡಲಿ, ಅರ್ಧ ಸೆಕೆಂಡು ಬಿಟ್ಟು ಸೋ, ಆಮೇಲೆ ಕ, ಆಮೇಲೆ ಸ. ನಾಲ್ಕೂ ಮೂಡಿದ ಮೇಲೆ ಮೂರು ಸೆಕೆಂಡು ಹಾಗೆಯೇ ನಿಲ್ಲಲಿ.